ದಿನಕ್ಕೆ ಹನ್ನೊಂದು ಲೀಟರ್

ತಾನು ವಾಸವಿರುವ ಮನೆಯಲ್ಲಿ ತಾನು ವಾಸವಿಲ್ಲ ಎಂಬ ಕಾಗದಕ್ಕೆ ಕೈಯಾರೆ ಸಹಿ ಹಾಕಿ ಕಳಿಸಿದ ಮನುಷ್ಯ ಈ ಲೋಕದಲ್ಲಿ ಯಾರಾದರೂ ಇದ್ದರೆ ಅವರು ಹನಿರಾಯರೊಬ್ಬರೇ. ಸಹಿ ಹಾಕಿದ್ದಷ್ಟೇ ಅಲ್ಲ, ಆ ಕಾಗದದಲ್ಲಿದ್ದ ಏಳು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಯೂ ಕೊಟ್ಟಿದ್ದರು.

ಹನಿರಾಯರೆಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವರ ಕಸುಬು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಇಪ್ಪತ್ತೊಂಬತ್ತು ವರ್ಷ ಬೇರೆಯವರ ವಾಕ್ಯಗಳಿಂದ ಹೆಚ್ಚಾದದ್ದನ್ನು ತೆಗೆದು ತೆಗೆದು ಅವರ ಕಣ್ಣಿಗೆ ಜಗತ್ತಿನಲ್ಲಿ ಎಲ್ಲವೂ ಹೆಚ್ಚಾಗಿಯೇ ಕಾಣುತ್ತಿತ್ತು. ಅದರಲ್ಲೂ ನೀರು. ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಜಲಾಶಯ ತಳ ಕಂಡಾಗ ನೀರು ಸರಬರಾಜು ಕಚೇರಿಯವರು 'ನೀರು ಉಳಿಸಿ' ಎಂದು ಊರಿನ ಗೋಡೆಗಳ ಮೇಲೆಲ್ಲ ಬರೆಸಿದರು. ಎಲ್ಲರೂ ಉಳಿಸಿದರು. ಆಮೇಲೆ ಮಳೆ ಬಂತು, ಜಲಾಶಯ ತುಂಬಿತು, ಗೋಡೆಗಳಿಗೆ ಬೇರೆ ಬಣ್ಣ ಬಂತು. ಹನಿರಾಯರು ಮಾತ್ರ ನಿಲ್ಲಿಸಲಿಲ್ಲ. ಅಡುಗೆಮನೆಯ ನಲ್ಲಿಯ ಪಕ್ಕ 'ಬೇಕೇ?' ಎಂದು ಚೀಟಿ ಅಂಟಿಸಿದರು. ಬಚ್ಚಲಿನ ನಲ್ಲಿಗೆ 'ನಿಜವಾಗಿಯೂ ಬೇಕೇ?' ಎಂದು ಇನ್ನೊಂದು. ತಾವು ಎರಡೇ ಎರಡು ಚೊಂಬಿನಲ್ಲಿ ಸ್ನಾನ ಮುಗಿಸಿ, ಮೈ ಒರೆಸಿದ ಟವೆಲನ್ನು ಬೋಗುಣಿಗೆ ಹಿಂಡಿ, ಆ ನೀರನ್ನು ಗಿಡಕ್ಕೆ ಹಾಕುತ್ತಿದ್ದರು. ಗಿಡ ಸತ್ತು ನಾಲ್ಕು ವರ್ಷವಾಗಿತ್ತು. ಆದರೂ ಹಾಕುತ್ತಿದ್ದರು, ಶಿಸ್ತೆಂದರೆ ಶಿಸ್ತು.

ಮನೆಯಲ್ಲಿ ಮೂರು ಜನ. ಹನಿರಾಯರು, ಅವರ ಹೆಂಡತಿ, ಹೆಂಡತಿಯ ತಾಯಿ. ಈ ಇಬ್ಬರು ಹೆಂಗಸರೂ ದಿನಾ ಬೆಳಗ್ಗೆ ವಾಯುವಿಹಾರಕ್ಕೆ ಹೋಗುತ್ತಿದ್ದರು. ಕೈಯಲ್ಲೊಂದು ದೊಡ್ಡ ಚೀಲವಿರುತ್ತಿತ್ತು. ಅವರು ಹಿಂತಿರುಗುವಷ್ಟರಲ್ಲಿ ಹನಿರಾಯರು ಕೆಲಸಕ್ಕೆ ಹೊರಟುಹೋಗಿರುತ್ತಿದ್ದರು. ವಾಯುವಿಹಾರಕ್ಕೆ ಚೀಲವೇಕೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ನೀರಿಗೆ ಸಂಬಂಧಪಟ್ಟ ವಿಷಯವಲ್ಲವಲ್ಲ.

ಹೀಗಿರುವಾಗ ಒಂದು ದಿನ ಕಚೇರಿಯ ಆ ಕಾಗದ ಬಂತು. ಹನಿರಾಯರು ಊಟದ ಮೇಜಿನ ಮೇಲೆ ಅದನ್ನು ಹರಡಿ, ಮೊದಲ ಸಾಲಿಗೇ ಸಿಡಿದೆದ್ದರು.

"ನೋಡೇ ಇಲ್ಲಿ! 'ಸಂಪರ್ಕ ಕಡಿತ' ಅಂತ ಬರೆಯೋ ಕಡೆ 'ಸಂಪರ್ಕ ಕಡತ' ಅಂತ ಬರೆದಿದ್ದಾರೆ. 'ಬಳಕೆ' ಹೋಗಿ 'ಬಳುಕೆ' ಆಗಿದೆ. ಏನು ಬಳುಕ್ತಾ ಇದೆ ಇವರಿಗೆ?"

"ಅದರಲ್ಲಿ ಏನು ಬರೆದಿದೆ ಅಂತ ಓದಿದ್ರಾ?" ಎಂದು ಹೆಂಡತಿ ಕೇಳಿದಳು.

"ಬರೆದಿರೋದೇ ತಪ್ಪು ಅಂದ್ಮೇಲೆ ಏನು ಬರೆದಿದ್ರೆ ಏನು?"

ಏಳು ತಪ್ಪು ತಿದ್ದಿದರು. ಅಂಚಿನಲ್ಲಿ ವೃತ್ತಿಯ ಅಭ್ಯಾಸದಂತೆ 'ಪೂರ್ತಿ ಪರಿಶೀಲಿಸಿದೆ. ಹೀಗೇ ಮುಂದುವರಿಯಬಹುದು' ಎಂದು ಬರೆದು, ಸಹಿ ಹಾಕಿ, ತಮ್ಮದೇ ಖರ್ಚಿನ ಲಕೋಟೆಯಲ್ಲಿ ವಾಪಸು ಕಳಿಸಿದರು. ಆಮೇಲೆ ಅದನ್ನು ಮರೆತೇಬಿಟ್ಟರು.

ಹದಿನೈದನೆಯ ದಿನ ಬೆಳಗ್ಗೆ ಎಂಟಕ್ಕೆ ಗೇಟಿನ ಬಳಿ ಸದ್ದಾಯಿತು. ಹನಿರಾಯರು ಎರಡನೆಯ ಚೊಂಬನ್ನು ಸುರಿದುಕೊಂಡು ಟವೆಲಿನಲ್ಲೇ ಹೊರಬಂದರು. ಒಬ್ಬ ಮೇಸ್ತ್ರಿ ಮತ್ತು ಅವನ ಇಬ್ಬರು ಆಳುಗಳು ಅವರ ನೀರಿನ ಮೀಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಮೇಸ್ತ್ರಿಯ ಕೈಯಲ್ಲಿ ಪೈಪು ಬಿಚ್ಚುವ ಮೊಳದುದ್ದದ ಪಾನಾ. ಗೇಟಿಗೆ ಆಗಲೇ ಒಂದು ಚೀಟಿ ಅಂಟಿತ್ತು: 'ವಾಸವಿಲ್ಲದ ಮನೆ'.

"ಏನಯ್ಯ, ಯಾರ ಮನೆ ಅಂದ್ಕೊಂಡಿದೀಯ ಇದು?"

"ಯಾರದ್ದೂ ಅಲ್ಲ ಸಾರ್. ಖಾಲಿ ಮನೆ."

"ನಾನಿದೀನಲ್ಲಯ್ಯ!"

ಮೇಸ್ತ್ರಿ ಕಾಗದ ನೋಡಿದ, ಹನಿರಾಯರನ್ನು ನೋಡಿದ, ಮತ್ತೆ ಕಾಗದ ನೋಡಿದ. "ನೀವು ಗೇಟ್ ಹತ್ರ ಇದೀರಿ ಸಾರ್. ಮನೇಲಿ ಇದೀರಿ ಅಂತ ಇದರಲ್ಲಿ ಬರೆದಿಲ್ಲ."

ಹನಿರಾಯರು ದಡದಡನೆ ಒಳಗೋಡಿ, ಕಿಟಕಿ ತೆರೆದು ಸರಳಿಗೆ ಮುಖ ಆನಿಸಿದರು. "ಈಗ?"

"ಈಗ ಕಿಟಕೀಲಿದೀರಿ."

"ನಿನ್ನ ತಲೆ! ನಾನು ಈ ಮನೆ ಯಜಮಾನ!"

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದು ಮೇಸ್ತ್ರಿ ಕಾಗದವನ್ನು ಕಿಟಕಿಯ ಸರಳಿನ ಹತ್ತಿರ ಹಿಡಿದ. "ಈ ಸಹಿ ನಿಮ್ಮದೇ ತಾನೆ? 'ಪೂರ್ತಿ ಪರಿಶೀಲಿಸಿದೆ. ಹೀಗೇ ಮುಂದುವರಿಯಬಹುದು.' ಅದಕ್ಕೇ ಮುಂದುವರೀತಾ ಇದೀವಿ."

ಹನಿರಾಯರು ಆಗ ಮೊದಲ ಬಾರಿಗೆ ಆ ಕಾಗದದ ಅರ್ಥವನ್ನು ಓದಿದರು. ಈ ಮನೆಯ ನೀರಿನ ಬಳಕೆ ತೀರಾ ಕಡಿಮೆ ಇರುವುದರಿಂದ ಇಲ್ಲಿ ಯಾರೂ ವಾಸವಿಲ್ಲವೆಂದು ತೀರ್ಮಾನಿಸಲಾಗಿದೆ, ಆಕ್ಷೇಪವಿದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಸಂಪರ್ಕ ಕಡಿತ. ಅದೂ ಅವರೇ ತಿದ್ದಿಕೊಟ್ಟ ಶುದ್ಧ ಕನ್ನಡದಲ್ಲಿ.

"ಸಂಜೆ ಐದರ ತನಕ ಟೈಮ್ ಕೊಡ್ತೀನಿ ಸಾರ್. ಆಫೀಸಿಗೆ ಹೋಗಿ ನೀವಿದೀರಿ ಅಂತ ಬರೆಸ್ಕೊಂಡು ಬನ್ನಿ," ಎಂದ ಮೇಸ್ತ್ರಿ. ಅವನು ಕೆಟ್ಟವನಲ್ಲ. "ಅಷ್ಟರಲ್ಲಿ ನಮಗೂ ಬೀದಿ ಕೊನೇಲಿ ಕೆಲಸ ಇದೆ."

ಬೀದಿ ಕೊನೆಯ ಆ ಕೆಲಸವನ್ನು ಹನಿರಾಯರು ನೋಡದೆ ಹೋಗಿದ್ದರೆ ಚೆನ್ನಾಗಿತ್ತು. ಅವರು ಅಂಗಿಯ ಗುಂಡಿ ಹಾಕುತ್ತ ತಿರುವಿಗೆ ಬರುವುದಕ್ಕೂ, ಆಳುಗಳು ನೆಲದ ಮುಚ್ಚಳ ತೆಗೆದು ದೊಡ್ಡ ವಾಲ್ವು ತಿರುಗಿಸುವುದಕ್ಕೂ ಸರಿಹೋಯಿತು. ತೊಡೆಗಾತ್ರದ ನೀರು ಭೋರೆಂದು ಚಿಮ್ಮಿ ಸೀದಾ ಚರಂಡಿಗೆ ಬೀಳತೊಡಗಿತು.

"ಕೊಲೆ!" ಎಂದು ಹನಿರಾಯರು ಕಿರುಚಿದರು. "ಕೊಲೆ ನಡೀತಿದೆ, ಬನ್ರಪ್ಪಾ!"

ಎಂಟು ಬಾಗಿಲು ತೆರೆದವು. ಎದುರು ಮನೆಯ ದರ್ಜಿ ಕತ್ತರಿ ಸಮೇತ ಓಡಿಬಂದ. ಕೊಲೆಯಾದವರು ಯಾರೆಂದು ಹುಡುಕಿದ ಮೇಲೆ, ಆದದ್ದು ನೀರಿನ ಕೊಲೆ ಎಂದು ತಿಳಿದು, ಕೆಲವರು ನಿರಾಸೆಯಿಂದಲೇ ಒಳಗೆ ಹೋದರು.

"ಕೂಗಾಡ್ಬೇಡಿ ಸಾರ್," ಎಂದ ಮೇಸ್ತ್ರಿ. "ವಾರಕ್ಕೊಂದ್ಸಲ ಬಿಡಲೇಬೇಕು. ನಿಮ್ಮ ಬೀದೀಲಿ ಯಾರೂ ನೀರು ಬಳಸಲ್ಲ. ಪೈಪಲ್ಲೇ ನಿಂತು ನಿಂತು ವಾಸನೆ ಬಂದುಬಿಡುತ್ತೆ. ಹಳೇದು ಚೆಲ್ಲಿದ್ರೆ ತಾನೆ ಹೊಸದು ಬರೋದು?"

"ಎಷ್ಟು ಚೆಲ್ತೀರಿ?"

"ಒಂದ್ಸಲಕ್ಕೆ ಹದಿನೈದು ಸಾವಿರ ಲೀಟರ್ ಇರಬಹುದು. ಜಾಸ್ತೀನೂ ಇರಬಹುದು. ಅಳತೆ ಮಾಡೋರು ಯಾರು?"

ಹನಿರಾಯರೆಂದರೆ ಆರು ವರ್ಷ ಮಳೆ, ಚಳಿ, ಜ್ವರ ಎನ್ನದೆ ಒದ್ದೆಯಾಗದ ಬೆನ್ನಿನಲ್ಲಿ ಬದುಕಿದ ಮನುಷ್ಯ. ಅವರ ತ್ಯಾಗ ಕಣ್ಣೆದುರಿಗೇ ನೊರೆ ಕಾರುತ್ತ ಚರಂಡಿ ಸೇರುತ್ತಿತ್ತು. ಅವರು ಹತ್ತಿರದ ಮನೆಯ ಬಾಗಿಲಲ್ಲಿದ್ದ ಬಕೆಟ್ ಎತ್ತಿಕೊಂಡು ಆ ಧಾರೆಗೆ ಒಡ್ಡಿದರು. ಬಕೆಟ್ ಕೈತಪ್ಪಿ ಮೂರನೆಯ ಮನೆಯ ಕಾಂಪೌಂಡಿನಲ್ಲಿ ಬಿತ್ತು. ಪ್ಯಾಂಟು ಮೊಣಕಾಲಿನ ತನಕ ನೆನೆಯಿತು. ಅದೇ ಸ್ಥಿತಿಯಲ್ಲಿ, ಹೆಜ್ಜೆಗೊಂದು ಪಚಪಚ ಸದ್ದು ಮಾಡುತ್ತ, ಅವರು ನೀರು ಸರಬರಾಜು ಕಚೇರಿಗೆ ನಡೆದರು.

ಕಚೇರಿಯಲ್ಲಿ ವಿತರಣಾ ವಿಭಾಗದ ಇಂಜಿನಿಯರ್ ಮೇಡಂ ಮೂರು ನಕ್ಷೆಗಳ ಹಿಂದೆ ಕೂತಿದ್ದರು. ಹನಿರಾಯರ ಪ್ಯಾಂಟಿನಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ಮೇಡಂ, ನಾನು ಬದುಕಿದೀನಿ!"

"ಸಂತೋಷ. ಜನನ ಮರಣ ವಿಭಾಗ ಮೊದಲ ಮಹಡೀಲಿದೆ."

ವಿಷಯ ತಿಳಿಸಲು ಕಾಲು ಗಂಟೆ ಹಿಡಿಯಿತು. ಮೇಡಂ ಕಡತ ತರಿಸಿ ಹಾಳೆ ಮಗುಚಿದರು.

"ಸ್ವಾಮಿ, ನಿಮ್ಮ ಮನೇಲಿ ದಿನಕ್ಕೆ ಖರ್ಚಾಗಿರೋದು ಹನ್ನೊಂದು ಲೀಟರ್. ಮೂರು ಜನಕ್ಕೆ. ಹೇಗೆ ನಂಬಲಿ ಹೇಳಿ? ಒಂದು ಎಮ್ಮೆ ಇದರ ಐದರಷ್ಟು ಕುಡಿಯುತ್ತೆ."

ಹನಿರಾಯರ ಸಿಟ್ಟು ಅರೆಗಳಿಗೆ ಇಳಿಯಿತು. ಅವರ ಅಂದಾಜು ಎಂಬತ್ತು ಲೀಟರ್ ಇತ್ತು. ಹನ್ನೊಂದು! ಎದೆ ತಾನಾಗಿ ಉಬ್ಬಿತು. ಈ ಹನ್ನೊಂದರಲ್ಲಿ ಇಬ್ಬರು ಹೆಂಗಸರ ಸ್ನಾನ, ಬಟ್ಟೆ, ಪಾತ್ರೆ ಹೇಗೆ ಮುಗಿಯುತ್ತದೆ ಎಂಬ ಪ್ರಶ್ನೆ ಅವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಗಳಿಕೆಯ ಮುಂದೆ ಯಾರ ಲೆಕ್ಕ ನೆಟ್ಟಗಿರುತ್ತದೆ?

"ಅದು ಸಾಧನೆ ಮೇಡಂ," ಎಂದರು ವಿನಯದಿಂದ.

"ಸಾಧನೆ!" ಮೇಡಂ ನಕ್ಷೆಯನ್ನು ಮೇಜಿನ ಮೇಲೆ ಬಡಿದರು. ಕಾಗದ ಮೆತ್ತಗಿದ್ದರಿಂದ ಸದ್ದೇನೂ ಬರಲಿಲ್ಲ, ಅದಕ್ಕೆ ಅಂಗೈಯಿಂದ ಇನ್ನೊಮ್ಮೆ ಬಡಿದರು. "ನಿಮ್ಮಂಥ ಸಾಧಕರಿಂದಲೇ ನನ್ನ ಕೂದಲು ನರೆತದ್ದು! ಈ ಪೈಪ್ ಹಾಕಿದಾಗ ತಲೆಗೆ ಇನ್ನೂರು ಲೀಟರ್ ಅಂತ ಲೆಕ್ಕ. ಈಗ ಎಲ್ಲರ ಮನೆಗೂ ಹೊಸ ವಾಷಿಂಗ್ ಮೆಷಿನ್, ಹೊಸ ನಲ್ಲಿ, ಹೊಸ ಕಮೋಡು. ಎಲ್ಲರೂ ಅರ್ಧಕ್ಕಿಳಿದರು. ಪೈಪು ಅರ್ಧ ಆಯ್ತಾ? ಪಂಪು ಅರ್ಧ ಆಯ್ತಾ? ಅದೇ ಪೈಪು, ಅದೇ ರಿಪೇರಿ, ಅದೇ ಸಂಬಳ. ಬರೋ ಹಣ ಮಾತ್ರ ಅರ್ಧ. ಅದಕ್ಕೆ ದರ ಏರಿಸ್ತೀವಿ. ದರ ಏರ್ತು ಅಂತ ನೀವು ಇನ್ನೂ ಉಳಿಸ್ತೀರಿ. ನಾವು ಇನ್ನೂ ಏರಿಸ್ತೀವಿ!"

"ಆದರೆ ಚರಂಡಿಗೆ ಯಾಕೆ ಮೇಡಂ..."

"ಚರಂಡಿ ಮಾತು ಎತ್ತಲೇಬೇಡಿ! ಒಳಚರಂಡೀಲಿ ಹೊಲಸು ಮುಂದಕ್ಕೆ ತಳ್ಳೋಕೆ ನೀರೇ ಬರ್ತಿಲ್ಲ. ನಿಮ್ಮ ಬೀದೀಲಿ ತಿಂಗಳಿಗೆ ಎರಡು ಸಲ ಕಟ್ಕೊಳುತ್ತೆ. ನಲ್ಲಿ ನೀರು ಪೈಪಲ್ಲೇ ಐದು ದಿನ ಮಲಗಿರುತ್ತೆ, ಹಾಕಿದ ಕ್ಲೋರಿನ್ ಪೂರಾ ಸತ್ತುಹೋಗುತ್ತೆ. ಬಿಡದೆ ಏನು ಮಾಡಲಿ?"

"ಹಾಗಾದ್ರೆ ನೀರು ಉಳಿಸಿ ಅಂತ ಗೋಡೆ ಮೇಲೆ ಬರೆದವರು ಯಾರು?"

"ಅದು ಪ್ರಚಾರ ವಿಭಾಗ. ಇದು ವಿತರಣಾ ವಿಭಾಗ. ನಮಗೂ ಅವರಿಗೂ ಮಾತಿಲ್ಲ."

ಇಷ್ಟು ಹೇಳಿ ಮೇಡಂ ಸುಧಾರಿಸಿಕೊಂಡು ತೀರ್ಪು ಕೊಟ್ಟರು. ಮೀಟರ್ ಓದುವವನು ಮಧ್ಯಾಹ್ನ ಬಂದು ಕೂರುತ್ತಾನೆ. ಐದು ಗಂಟೆಯೊಳಗೆ ಮನೆಯಲ್ಲಿ ಮುನ್ನೂರು ಲೀಟರ್ ಬಳಕೆಯಾಗಬೇಕು. ಆದರೆ ವಾಸಸ್ಥಳ ಎಂದು ಬರೆಯಲಾಗುವುದು. ಇಲ್ಲದಿದ್ದರೆ ಮೇಸ್ತ್ರಿ ಪಾನಾ ಹಿಡಿಯುತ್ತಾನೆ. ಹೊಸ ಸಂಪರ್ಕಕ್ಕೆ ಕನಿಷ್ಠ ಎಂಟು ತಿಂಗಳು.

"ಸುಮ್ಮನೆ ನಲ್ಲಿ ತಿರುಗಿಸಿ ಬಿಟ್ಟರೆ?"

"ಅದು ಪೋಲು. ಪೋಲಿಗೆ ದಂಡ ಇದೆ. ನೀರು ಚರಂಡಿಗೆ ಬಿಡೋ ಅಧಿಕಾರ ನಮಗೆ ಮಾತ್ರ. ನಿಮ್ಮದು ಮನುಷ್ಯ ಬಳಕೆ ಆಗಿರಬೇಕು."

ಹನಿರಾಯರು ಎದ್ದಾಗ ಮೇಡಂ ಕಡತದ ಮುಂದಿನ ಹಾಳೆ ನೋಡುತ್ತಿದ್ದರು. "ನಿಮ್ಮ ಬೀದಿಯೇ ವಿಚಿತ್ರ ಕಣ್ರೀ. ನಿಮ್ಮದು ಹನ್ನೊಂದು. ನಿಮ್ಮ ಪಕ್ಕದ ಮನೇಲಿ ಒಬ್ಬರೇ ಇದಾರೆ, ದಿನಕ್ಕೆ ನಾನೂರು! ಸೋರಿಕೆ ಇರಬಹುದು ಅಂತ ಅವರಿಗೂ ನೋಟಿಸ್ ಹೋಗಿದೆ."

ಪಕ್ಕದ ಮನೆಯೆಂದರೆ ನರ್ಸಮ್ಮ. ನಿವೃತ್ತ ದಾದಿ, ಒಂಟಿ ಜೀವ, ಕಂಚಿನ ಕಂಠ. ಹನಿರಾಯರಿಗೆ ಇಡೀ ದಿನದ ಸಿಟ್ಟು ಇಳಿಸಲು ಒಂದು ತಾವು ಸಿಕ್ಕಿತು. ನಾನೂರು! ತಾನು ಉಳಿಸಿದ್ದೆಲ್ಲ ಗೋಡೆಯಾಚೆಗೇ ಸೋರುತ್ತಿತ್ತೇ!

ಅವರು ಬುಸುಗುಡುತ್ತ ಬೀದಿಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಅವರ ಮನೆಯ ಜಗಲಿಯಲ್ಲಿ ಗಂಡಹೆಂಡಿರಿಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಜೊತೆಗೊಬ್ಬ ಮನೆ ದಲ್ಲಾಳಿ.

"ಬನ್ನಿ ಸಾರ್, ನೀವೂ ನೋಡೋಕೆ ಬಂದ್ರಾ?" ಎಂದ ದಲ್ಲಾಳಿ ಗೇಟಿನ ಚೀಟಿ ತೋರಿಸಿ. "ಖಾಲಿ ಆಗಿದೆ. ಮೊದಲು ಇದ್ದವರು ಏನೋ ಜಿಪುಣರಂತೆ, ಮನೆ ಮಾತ್ರ ಚೆನ್ನಾಗಿದೆ."

ಅವರನ್ನು ಓಡಿಸಿದ ಭರದಲ್ಲೇ ಹನಿರಾಯರು ನರ್ಸಮ್ಮನ ಗೇಟು ಬಡಿದರು.

"ನರ್ಸಮ್ಮಾ! ಹೊರಗೆ ಬನ್ನಿ! ನಾಲ್ಕು ಜನರೆದುರು ಉತ್ತರ ಕೊಡಿ! ನಮ್ಮ ಮೂರು ಜನಕ್ಕೆ ಹನ್ನೊಂದು ಲೀಟರ್ ಸಾಕು, ಒಬ್ಬ ಹೆಂಗಸಿಗೆ ನಾನೂರು ಲೀಟರ್ ಯಾಕೆ ಬೇಕು? ಆನೆ ತೊಳೀತೀರಾ ದಿನಾ?"

ನಾಲ್ಕು ಜನರಲ್ಲ, ಹದಿನಾಲ್ಕು ಜನ ಸೇರಿದರು. ಬೆಳಗಿನ ಕೊಲೆಯಲ್ಲಿ ನಿರಾಸೆಯಾದವರೂ ಮತ್ತೆ ಬಂದರು. ನರ್ಸಮ್ಮ ಬಾಗಿಲು ತೆರೆದು, ಸೊಂಟಕ್ಕೆ ಕೈಕೊಟ್ಟು ನಿಂತರು. ಅವರ ಇನ್ನೊಂದು ಕೈಯಲ್ಲಿ ಒಂದು ನೋಟಿಸಿತ್ತು.

"ಆನೆನಾ? ಬನ್ನಿ, ತೋರಿಸ್ತೀನಿ. ಎಷ್ಟು ದಿನ ಬಾಯಿ ಮುಚ್ಕೊಂಡಿರಲಿ ನಾನು? ನಂಗೂ ಕಾಗದ ಬಂದಿದೆ. ಇನ್ನು ನನ್ನ ಕೈಲಾಗಲ್ಲ. ಅಮ್ಮಾ, ಬನ್ನಿ ಹೊರಗೆ!"

ನರ್ಸಮ್ಮನ ಬೆನ್ನ ಹಿಂದಿನಿಂದ, ತಲೆಗೆ ಟವೆಲ್ ಸುತ್ತಿಕೊಂಡು, ಕೆನ್ನೆಯೆಲ್ಲ ಕೆಂಪಗೆ, ಮೈಯಿಂದ ಹಬೆಯಾಡುತ್ತ, ಸೋಪಿನ ಪರಿಮಳ ಬೀರುತ್ತ ಹೊರಬಂದವರು ಹನಿರಾಯರ ಅತ್ತೆ.

"ಅಳಿಯಂದಿರೇ," ಎಂದರು ಅವರು ಪ್ರಶಾಂತವಾಗಿ, "ಇಷ್ಟು ಬೇಗ ಬಂದ್ಬಿಟ್ರಾ?"

ಹನಿರಾಯರು ತಲೆಯೆತ್ತಿದರು. ತಾರಸಿಯ ಹಗ್ಗದ ಮೇಲೆ ಅವರ ಅಂಗಿ, ಅವರ ಬನಿಯನ್ನು, ಅವರ ಹಾಸಿಗೆಯ ಹೊದಿಕೆ ಸಾಲಾಗಿ ಒಣಗುತ್ತಿದ್ದವು. ಹೊದಿಕೆಯ ಮರೆಯಿಂದ ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡ ಹೆಂಡತಿಯ ಮುಖ ಕಾಣಿಸಿತು.



"ಎಷ್ಟು ದಿನದಿಂದ?" ಎಂದು ಹನಿರಾಯರು ಕೇಳಿದರು.

ಹೆಂಡತಿ ಕ್ಲಿಪ್ಪು ತೆಗೆದಳು. "ಆರು ವರ್ಷದಿಂದ ಕಣ್ರೀ! ಆರು ವರ್ಷ! ಪಾತ್ರೆ ತೊಳೆಯೋಣ ಅಂದ್ರೆ 'ಬೇಕೇ?', ತಲೆಗೆ ನೀರು ಹಾಕ್ಕೊಳ್ಳೋಣ ಅಂದ್ರೆ 'ನಿಜವಾಗಿಯೂ ಬೇಕೇ?'. ಹೌದು, ಬೇಕು! ಎಪ್ಪತ್ತೆರಡು ವರ್ಷದ ನಮ್ಮಮ್ಮ ಮೊಣಕಾಲು ನೋವು ಅಂತ ಎರಡು ಬಕೆಟ್ ಬಿಸಿನೀರು ಹಾಕ್ಕೊಂಡ್ರೆ ಬಾಗಿಲ ಹೊರಗೆ ಗಡಿಯಾರ ಹಿಡ್ಕೊಂಡು ನಿಲ್ತಿದ್ರಿ. ಅವತ್ತೇ ನರ್ಸಮ್ಮ ಕರೆದ್ರು. ನಿಮ್ಮ ಹನ್ನೊಂದು ಲೀಟರ್ ನಿಮ್ಮದಲ್ಲ. ಅದು ನರ್ಸಮ್ಮನ ನಾನೂರು!"

ದರ್ಜಿ ಚಪ್ಪಾಳೆ ತಟ್ಟಲು ಹೋಗಿ, ತನ್ನ ಹೆಂಡತಿ ಗದರಿಸಿದ್ದರಿಂದ ನಿಲ್ಲಿಸಿದ.

ಹನಿರಾಯರಿಗೆ ಸಿಟ್ಟೇನೋ ಇನ್ನೂ ಇತ್ತು. ಎತ್ತ ತಿರುಗಿಸಬೇಕೆಂದು ಮಾತ್ರ ತಿಳಿಯಲಿಲ್ಲ. ಕಚೇರಿಯತ್ತ ತಿರುಗಿಸಿದರೆ ಮೇಡಂ ಕಂಡರು, ಪಕ್ಕದ ಮನೆಯತ್ತ ತಿರುಗಿಸಿದರೆ ಅತ್ತೆ. ಕೊನೆಗೆ ಅವರ ಬಾಯಿಂದ ಬಂದದ್ದು ಇಷ್ಟೇ: "ಐದು ಗಂಟೆಯೊಳಗೆ ಮುನ್ನೂರು ಲೀಟರ್ ಆಗದಿದ್ರೆ ನಲ್ಲಿ ಕಿತ್ಕೊಂಡು ಹೋಗ್ತಾರೆ, ಹೊಸದಕ್ಕೆ ಎಂಟು ತಿಂಗಳು. ನೀವಿಬ್ರೂ ದಯವಿಟ್ಟು ಮನೆಗೆ ಬಂದು ಸ್ನಾನ ಮಾಡಿ."

"ನಂದಾಯ್ತು," ಎಂದರು ಅತ್ತೆ.

"ನಂದೂ ಆಯ್ತು. ಬಟ್ಟೆನೂ ಆಯ್ತು," ಎಂದಳು ಹೆಂಡತಿ.

"ನಾನು ಬರಲ್ಲ," ಎಂದರು ನರ್ಸಮ್ಮ. ಯಾರೂ ಕರೆದಿರಲಿಲ್ಲ.

ಎರಡು ಗಂಟೆಗೆ ಮೀಟರ್ ಓದುವವನು ಬಂದ. ಉದ್ದನೆಯ ಮನುಷ್ಯ, ಗಿಡ್ಡ ಪೆನ್ಸಿಲು. ಮೀಟರಿನ ಎದುರು ಕುರ್ಚಿ ಹಾಕಿಸಿಕೊಂಡು, "ಶುರು ಮಾಡಿ," ಎಂದ. ಮೇಸ್ತ್ರಿಯೂ ಪಾನಾ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತ.

ಹೆಂಡತಿ ಸಿಟ್ಟಿನಲ್ಲಿದ್ದರೂ ಮನೆ ಅವಳದೂ ಹೌದಲ್ಲ. ಆರು ವರ್ಷದಿಂದ ನೀರು ಕಾಣದ ಪರದೆಗಳನ್ನೆಲ್ಲ ಎಳೆದು ತಂದಳು. ನಲ್ಲಿ ತಿರುಗಿಸಿದಾಗ ಮೊದಲು ಕೆಮ್ಮಿದಂತೆ ಸದ್ದಾಯಿತು, ಆಮೇಲೆ ಕಂದು ಬಣ್ಣದ, ಮುಗ್ಗಲು ವಾಸನೆಯ ನೀರು ಬಂತು. "ನೋಡಿ, ಮೇಡಂ ಹೇಳಿದ್ದು ಇದನ್ನೇ," ಎಂದ ಮೀಟರಿನವನು. "ಕುಡಿಯೋಕೆ ಇದನ್ನೇ ಬಳಸ್ತಿದ್ರಾ?" ಹನಿರಾಯರು ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟುಕೊಂಡರು.

ನೀರು ತಿಳಿಯಾದ ಮೇಲೆ ಪರದೆಗಳು ನೆನೆದವು, ಜಾಲಾಡಿದವು. ಮೂರೂವರೆಗೆ ಮೀಟರಿನವನು ಬಗ್ಗಿ ನೋಡಿದ. "ನೂರಾ ನಲವತ್ತು."

ಅತ್ತೆ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದರು. "ನೂರಾ ಎಂಬತ್ತು." ನೆಲ ಒರೆಸಿದ್ದಾಯಿತು. "ಇನ್ನೂರು." ನಾಲ್ಕು ಗಂಟೆ ಹೊಡೆಯಿತು. ತೊಳೆಯಲು ಇನ್ನೇನೂ ಉಳಿದಿರಲಿಲ್ಲ. ಕಾಂಪೌಂಡಿನ ಮೇಲೆ ಸಾಲಾಗಿ ಆತುಕೊಂಡಿದ್ದ ನೆರೆಹೊರೆಯವರೆಲ್ಲ ಒಟ್ಟಿಗೆ ಹನಿರಾಯರತ್ತ ನೋಡಿದರು.

"ನಂದು ಬೆಳಗ್ಗೆಯೇ ಆಗಿದೆ," ಎಂದರು ಹನಿರಾಯರು ಒಂದು ಹೆಜ್ಜೆ ಹಿಂದೆ ಸರಿದು.

"ಎಷ್ಟರಲ್ಲಿ?" ಎಂದ ಮೀಟರಿನವನು ಪೆನ್ಸಿಲು ಎತ್ತಿ.

"ಎರಡು ಚೊಂಬು."

"ಅದನ್ನ ನಮ್ಮ ಆಫೀಸಲ್ಲಿ ಸ್ನಾನ ಅಂತ ಬರೆಯಲ್ಲ ಸಾರ್."

"ಹೋಗ್ರೀ," ಎಂದಳು ಹೆಂಡತಿ. ಅವಳ ಸ್ವರದಲ್ಲಿ ಈಗ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. "ಎಂಟು ತಿಂಗಳು ನಾವು ಮೂರೂ ಜನ ನರ್ಸಮ್ಮನ ಮನೆ ಮುಂದೆ ಬಕೆಟ್ ಹಿಡ್ಕೊಂಡು ನಿಲ್ಲೋದಾ? ಅವರ ಮನಸ್ಸು ದೊಡ್ಡದು, ಒಪ್ತಾರೆ. ನನಗೆ ಮಾತ್ರ ಇನ್ನು ಮುಖ ಇಲ್ಲ."

ಹನಿರಾಯರು ಹೆಂಡತಿಯ ಕೈ ನೋಡಿದರು. ಪರದೆ ಹಿಂಡಿ ಹಿಂಡಿ ಬೆರಳ ತುದಿಗಳು ಸುಕ್ಕಾಗಿದ್ದವು. ಅವರು ಟವೆಲ್ ಎಳೆದುಕೊಂಡು ಬಚ್ಚಲಿಗೆ ನಡೆದರು. ಒಳಗೆ ಹೋಗುತ್ತಲೇ ಬಚ್ಚಲಿನ ನಲ್ಲಿಯ ಚೀಟಿಯನ್ನು ಹರಿದು ಮುದ್ದೆ ಮಾಡಿದರು ಎಂದು ಅತ್ತೆ ಆಮೇಲೆ ಹೇಳಿದರು. ಉಗಿ ತಗುಲಿ ತಾನಾಗಿ ಬಿತ್ತು ಎಂದು ಹನಿರಾಯರು ಹೇಳಿದ್ದೂ ಉಂಟು.

ಮೊದಲು ಶವರಿನ ಸದ್ದು ಬಂತು. ಆಮೇಲೆ, "ಹಾ!" ಎಂಬ ಕೂಗು. ಯಾರೋ ಹೊಡೆದಂತೆ.

"ಏನಾಯ್ತ್ರೀ?" ಎಂದು ಹೆಂಡತಿ ಓಡಿದಳು.

"ಏನಿಲ್ಲ," ಎಂದಿತು ಒಳಗಿನ ಸ್ವರ. "ಬೆನ್ನಿಗೆ ಬಿತ್ತು."

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಒಳಗಿನಿಂದ ಮೊದಲು ಗುನುಗು, ನಂತರ ರಾಗವೋ ರೋದನವೋ ತಿಳಿಯದ ಏನೋ ಒಂದು ಬರತೊಡಗಿತು. ಮುದ್ರಣಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಪಿಸುಮಾತಿಗೂ ಮುಖ ಸಿಂಡರಿಸುತ್ತಿದ್ದ ಮನುಷ್ಯ ಹಾಡುತ್ತಿದ್ದ. ಹೆಂಡತಿ ಬಾಗಿಲ ಬಳಿ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಾಯಿಯ ಮುಖ ನೋಡಿದಳು.

ನಾಲ್ಕೂ ನಲವತ್ತಕ್ಕೆ ಮೀಟರಿನವನು ಕುರ್ಚಿಯಿಂದ ಎದ್ದೇಬಿಟ್ಟ. "ಮುನ್ನೂರು! ಆಯ್ತು, ವಾಸ ಇದೆ! ಬರ್ಕೊಂಡೆ!" ಬೀದಿಯವರು ಹೋ ಎಂದರು. ಮೇಸ್ತ್ರಿ ಪಾನಾವನ್ನು ಚೀಲಕ್ಕೆ ಹಾಕಿ, ಗೇಟಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ.

"ಸಾರ್, ಸಹಿ ಹಾಕಿ ಬನ್ನಿ, ನಂಗೆ ಬಸ್ಸಿದೆ," ಎಂದು ಮೀಟರಿನವನು ಬಚ್ಚಲ ಬಾಗಿಲು ತಟ್ಟಿದ. ನೀರು ಸುರಿಯುತ್ತಲೇ ಇತ್ತು. ಐದಾಯಿತು. ಮುನ್ನೂರೈವತ್ತಾಯಿತು. ಮತ್ತೆ ತಟ್ಟಿದ. "ಸಾಕು ನಿಲ್ಲಿಸಿ ಸಾರ್! ಇನ್ನು ಮುಂದೆ ಪೋಲು ಅಂತ ಬರೀಬೇಕಾಗುತ್ತೆ!"

ಒಳಗೆ ಹಾಡು ನಿಂತಿತು. ಇಡೀ ಜಗತ್ತು ತಮಗೆ ಅನ್ಯಾಯ ಮಾಡಿದೆ ಎಂಬ ರೋಷದಲ್ಲಿ ಹನಿರಾಯರು ಗುಡುಗಿದರು:

"ಯಾರ್ರೀ ಅದು ಬಾಗಿಲು ಬಡಿಯೋರು? ಇನ್ನೂ ಸೋಪೇ ಹಚ್ಚಿಲ್ಲ!"